ಅಣಕು ಗಾಯಾಳು

ಮಗಳಿಗೆ ಜಡೆ ಹಾಕುತ್ತಿದ್ದೆ. ಒಂದು ಜಡೆ ಮುಗಿಯುವಷ್ಟರಲ್ಲಿ ಪಂಚಾಯಿತಿಯವರು ಬಾಗಿಲಿಗೆ ಬಂದರು.

"ಅಕ್ಕಾ, ಇವತ್ತು ನೆರೆ ಬಂದಾಗ ಜನರನ್ನು ಕಾಪಾಡುವ ಅಣಕು ಕಾರ್ಯಾಚರಣೆ. ರಾಜ್ಯದಿಂದಲೇ ಆದೇಶ. ಗೋಡೆ ಕುಸಿದು ಗಾಯವಾದ ಮಗು ಒಂದು ಬೇಕಿತ್ತು."

ನನಗಿಂತ ಮೊದಲೇ ಅವಳು ಒಪ್ಪಿದಳು. ತಿಂಡಿಯನ್ನೂ ಮುಟ್ಟದೆ ಹೊರಟಳು.

ಶಾಲೆಯ ಬಯಲಿನಲ್ಲಿ ಅವಳ ಕಾಲಿಗೆ ಕೆಂಪು ಬಣ್ಣ ಬಳಿದು, ಮುಖವಷ್ಟೇ ಹೊರಗಿರುವಂತೆ ಹಲಗೆಯ ಕೆಳಗೆ ಮಲಗಿಸಿದರು. "ನಾವು ಕಾಪಾಡುವವರೆಗೆ ಕಣ್ಣು ಬಿಡಬಾರದು, ಮಾತಾಡಬಾರದು ಪುಟ್ಟಿ" ಎಂದರು ತಹಶೀಲ್ದಾರರು. ನನ್ನನ್ನು ಹಗ್ಗದಾಚೆ ನಿಲ್ಲಿಸಿದರು.

ಸೈರನ್ ಕೂಗಿತು. ಅಗ್ನಿಶಾಮಕದವರು ಓಡಿ ಬಂದು, ಹಲಗೆಯ ಹತ್ತಿರ ನಿಂತುಬಿಟ್ಟರು.

"ಡಾಕ್ಟರು ನೋಡದೆ ನಾವು ಮುಟ್ಟುವಂತಿಲ್ಲ."

"ಹಲಗೆ ಎತ್ತದೆ ನಾನೇನು ನೋಡಲಿ?" ಎಂದರು ಡಾಕ್ಟರು.

"ಮೊದಲು ಯಾರು ಅಂತ ಮೇಲಿನವರೇ ಹೇಳಲಿ" ಎಂದರು ಪೊಲೀಸರು.

ತಹಶೀಲ್ದಾರರು ಜಿಲ್ಲೆಗೆ ಫೋನು ಮಾಡಿದರು. ಜಿಲ್ಲೆಯವರು ರಾಜ್ಯದ ಕಂಟ್ರೋಲ್ ರೂಮಿಗೆ ಮಾಡಿದರು. ಬಿಸಿಲೇರಿತು. ಮಗಳ ಮೂಗಿನ ಮೇಲೆ ನೊಣ ಕೂತಿತು. ಅವಳು ಅಲುಗಲಿಲ್ಲ.

"ಸಾರ್, ನಾನೇ ಎತ್ತಿಕೊಂಡು ಬರಲಾ?" ಎಂದೆ.

"ನೀವು ಯಾವ ಇಲಾಖೆಯವರಮ್ಮಾ?"

ಕೊನೆಗೆ ಫೋನು ಬಂತು. ತಹಶೀಲ್ದಾರರು ನಗುತ್ತಾ ಮೈಕು ಹಿಡಿದರು. "ಸಮಯ ಮುಗಿಯಿತು. ಕಾರ್ಯಾಚರಣೆ ಯಶಸ್ವಿ. ನಮ್ಮಲ್ಲಿ ಒಂದೂ ಸಾವಿಲ್ಲ ಅಂತ ರಾಜ್ಯಕ್ಕೆ ವರದಿ ಹೋಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿ, ಉಪ್ಪಿಟ್ಟಿನ ಪಾತ್ರೆಯ ಕಡೆ ನಡೆದರು. ನಾನು ಹಗ್ಗ ದಾಟಿ ಓಡಿದೆ.

ಹಲಗೆಯ ಕೆಳಗಿನಿಂದ, ಕಣ್ಣು ಮುಚ್ಚಿಕೊಂಡೇ, ಮಗಳು ಕೇಳಿದಳು:

"ಅಮ್ಮಾ, ಹಾಗಾದ್ರೆ ನಾನು ಬದುಕಿದ್ದೀನಾ?"