ಈರವ್ವನ ಷೇರು

ಕೇಸು ಹಾಕಿದ ಈರವ್ವ ಎದುರುಗಾರನ ಸ್ಕೂಟರಿನ ಹಿಂದೆಯೇ ಕೂತು ಕಂಪನಿ ನ್ಯಾಯಮಂಡಳಿಗೆ ಬಂದಿಳಿದಳು. ಎದುರುಗಾರ ಬೇರೆ ಯಾರೂ ಅಲ್ಲ, ಅವಳೇ ಸಾಕಿ ಬೆಳೆಸಿದ ಅಣ್ಣನ ಮಗ ವಿಜಯಕುಮಾರ. ಅತ್ತೆಯ ಗಲ್ಲದ ಕೆಳಗಿನ ಹೆಲ್ಮೆಟ್ ಪಟ್ಟಿ ಬಿಚ್ಚಿಕೊಟ್ಟು, ಆಮೇಲೆ ನೆನಪಾದವನಂತೆ ಮುಖ ಗಂಟಿಕ್ಕಿಕೊಂಡು ತನ್ನ ವಕೀಲರ ಕಡೆ ನಡೆದ.

ಬಾಗಲಗುಂಟೆಯಲ್ಲಿ ಇಬ್ಬರೂ ಕೂಡಿ ಕಟ್ಟಿದ್ದು ಜೋಳದ ರೊಟ್ಟಿಯ ಪ್ರೈವೇಟ್ ಲಿಮಿಟೆಡ್ ಕಂಪನಿ. ಅರ್ಧ ಷೇರು ಅವನದು, ಅರ್ಧ ಅವಳದು. ಮೊಣಕಾಲು ಸೋತ ಮೇಲೆ ಈರವ್ವ ನಿರ್ದೇಶಕಿಯ ಸ್ಥಾನ ಬಿಟ್ಟು, ತನ್ನ ಪಾಲನ್ನು ರುಖ್ಸಾರಳಿಗೆ ಬರೆದುಕೊಟ್ಟಳು. ಮೊದಲ ದಿನದಿಂದಲೂ ಒಲೆಯ ಮುಂದೆ ಅವಳ ಪಕ್ಕ ಕೂತು ರೊಟ್ಟಿ ಬಡಿದವಳು ರುಖ್ಸಾರ್. ಆದರೆ ಕಂಪನಿಯ ನಿಯಮದಂತೆ ಹೊರಗಿನವರಿಗೆ ಷೇರು ಹೋಗಬೇಕಾದರೆ ನಿರ್ದೇಶಕರು ಒಪ್ಪಬೇಕು. ನಿರ್ದೇಶಕರೆಂದರೆ ವಿಜಯಕುಮಾರ ಮತ್ತು ಅವನ ಹೆಂಡತಿ ಭಾಗ್ಯಶ್ರೀ. ಒಪ್ಪುವುದಿಲ್ಲವೆಂದು ಅವನು ಮಹಡಿಯ ಮನೆಯಿಂದ ಕೆಳಮನೆಯ ಅತ್ತೆಗೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ. ಈರವ್ವ ಸಹಿ ಹಾಕಿ ತೆಗೆದುಕೊಂಡು, ಪೋಸ್ಟ್‌ಮ್ಯಾನಿಗೆ ಚಹಾ ಕೊಟ್ಟು, ಮುಂದಿನ ವಾರ ಮೇಲ್ಮನವಿ ಹಾಕಿದಳು.

ಪೀಠದಲ್ಲಿದ್ದ ಹಿರಿಯರು ಎರಡೂ ಕಡೆಯ ವಾದ ಕೇಳಿದರು. "ಇಬ್ಬರೂ ಒಂದೇ ಗಾಡೀಲಿ ಬಂದಿದ್ದೀರಂತೆ. ಹೊರಗೆ ಕೂತು ಒಂದ್ಸಲ ಮಾತಾಡ್ಕೊಂಡು ಬನ್ನಿ. ಆಗದಿದ್ರೆ ಮಧ್ಯಾಹ್ನ ನಾವು ತೀರ್ಮಾನ ಮಾಡ್ತೀವಿ," ಎಂದರು.

ಹೊರಗಿನ ಬೆಂಚಿನ ಮೇಲೆ ಅತ್ತೆ ನಡುವೆ, ಬಸ್ಸಿನಲ್ಲಿ ಬಂದಿದ್ದ ರುಖ್ಸಾರ್ ಒಂದು ಕಡೆ, ವಿಜಯಕುಮಾರ ಇನ್ನೊಂದು ಕಡೆ ಕೂತರು.

"ನಾಳೆ ಈಕಿ ಯಾವನೋ ದೊಡ್ಡ ಕಂಪನಿಯವನಿಗೆ ಮಾರಿಬಿಟ್ರ?" ಎಂದ ಅವನು, ಅತ್ತೆಯ ಕಡೆ ನೋಡದೆ.

"ಮಾರೋ ಹಾಗಿದ್ರೆ ಮೊದಲು ನಿಮಗೇ ಕೇಳ್ತೀನಿ ಅಣ್ಣ. ಹಂಗೇ ಬರೆಸ್ಕೊಳ್ಳಿ, ಸೈನ್ ಹಾಕ್ತೀನಿ," ಎಂದಳು ರುಖ್ಸಾರ್.

ವಿಜಯಕುಮಾರ ಅತ್ತೆಯ ಕಡೆ ತಿರುಗಿದ. ಒಳಗೆ ಉಳಿದದ್ದು ಬಾಯಿಗೆ ಬಂತು. "ಅದಲ್ಲ ಅತ್ತಿ... ನನಗ್ಯಾಕ ಕೊಡಲಿಲ್ಲ? ನಾ ನಿನ್ನ ಮಗ ಅಲ್ಲೇನು?"

ಈರವ್ವ ಅವನ ತಲೆಯ ಮೇಲೆ ಕೈಯಿಟ್ಟಳು. "ಮಗಾ ಅಂತನ ಕೊಡಲಿಲ್ಲೋ. ಹೋದ ವರ್ಷ ರೊಟ್ಟಿ ಮಷೀನ್ ತರ್ತೀನಿ, ಬಡಿಯೋ ಹೆಣ್ಮಕ್ಕಳನ್ನ ಕೆಲಸ ಬಿಡಸ್ತೀನಿ ಅಂತ ಕುಣದಿ. ನಾ ಬ್ಯಾಡ ಅಂದೆ. ಸಿಟ್ಟಾಗಿ ಊಟ ಬಿಟ್ಟಿ. ಆಮ್ಯಾಲ ಕೈರೊಟ್ಟಿನ ಬೇಕು ಅಂತ ಜನ ಹುಡುಕಿಕೊಂಡು ಬಂದಾಗ, ಛಲೋ ಆತು ಅತ್ತಿ ಅಂದಾಂವನೂ ನೀನ. ಎಲ್ಲಾ ನಿನ್ನದ ಆದ್ರ, ನಾ ಹೋದ ಮ್ಯಾಲ ನಿನಗ ಬ್ಯಾಡ ಅನ್ನಾಕ ಯಾರದಾರ?"

"ಭಾಗ್ಯಶ್ರೀ ಇಲ್ಲೇನು?"

"ಆಕಿ ನಿನ್ನ ಮುಖ ನೋಡಿದ್ರ ಸಾಕು, ಹ್ಞೂಂ ಅಂತಾಳ."

ವಿಜಯಕುಮಾರನಿಗೆ ನಗು ಬಂತು. ತಡೆದುಕೊಳ್ಳಲು ಹೋಗಿ ಕಣ್ಣು ತುಂಬಿತು. ಎದ್ದು ವಕೀಲರನ್ನು ಕರೆದ. ಮಧ್ಯಾಹ್ನದ ಹೊತ್ತಿಗೆ ರಾಜಿಯ ಷರತ್ತುಗಳು ಪೀಠದ ಮುಂದೆ ದಾಖಲಾದವು. ರುಖ್ಸಾರಳ ಹೆಸರನ್ನು ಕಂಪನಿಯ ಸದಸ್ಯರ ಪಟ್ಟಿಗೆ ಸೇರಿಸಬೇಕೆಂದು ಆದೇಶವಾಯಿತು. ಅವಳು ದುಪಟ್ಟಾದಿಂದ ಮತ್ತೆ ಮತ್ತೆ ಮುಖ ಒರೆಸಿಕೊಂಡಳು. ಇಷ್ಟು ದಿನ ಅವನ ಎದುರು ನಿಂತು ಮಾತಾಡಲು ಅವಳಿಗೂ ಸಂಕಟವೇ ಆಗಿತ್ತು.

ಹೊರಗೆ ಬರುವಷ್ಟರಲ್ಲಿ ವಿಜಯಕುಮಾರ ಹಗುರಾಗಿದ್ದ. "ಇವತ್ತ ಎಲ್ಲಾರಿಗೂ ರಜಾ! ಒಲಿ ಆರಿಸಿ ಬರ್ರಿ ಅಂತ ಫೋನ್ ಮಾಡ್ತೀನಿ. ಎಲ್ಲಾರೂ ಕೂಡಿ ಹೋಟೆಲಿಗೆ ಹೋಗೂಣು," ಎಂದು ಮೊಬೈಲ್ ತೆಗೆದ.

"ಬೇಡ ಅಣ್ಣ," ಎಂದಳು ರುಖ್ಸಾರ್, ಮೆಲ್ಲಗೆ. "ಸಂಜೆ ಯಲಹಂಕದ ಮದುವೆ ಮನೆಗೆ ರೊಟ್ಟಿ ಹೋಗ್ಬೇಕು."

ಅವನು ಫೋನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ನೆರವಿಗಾಗಿ ಅತ್ತೆಯ ಕಡೆ ತಿರುಗಿದ. ಈರವ್ವ ಆಗಲೇ ಗೋಡೆಯತ್ತ ಮುಖ ಮಾಡಿ, ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಲುಕಿಸುತ್ತ ನಿಂತಿದ್ದಳು.