ಗೋಡೆಯ ಮೇಲಿನ ಹೊಗಳಿಕೆ

"ಈ ಬಿಳಿ ಪುಡಿ ಯಾವ್ದಂತ ಲ್ಯಾಬಿನೋರಿಗೇ ಮೊದಲ್ನೇ ಸಲ ತಿಳೀಲಿಲ್ಲ, ಎರಡ್ನೇ ಸಲಕ್ಕೆ ಸಿಕ್ತು. ಹೊಸ ಥರದ ಡ್ರಗ್ಸು ಅಜ್ಜಿ. ದೇವರ ಜಗಲಿ ಮ್ಯಾಲೆ ಯಾಕಿಟ್ಟಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಕೋಟೆ ನೋಡಾಕೆ ಬಂದು ನಮ್ಮನೇಲಿ ಇಳ್ಕಂಡಿದ್ದ ಹುಡುಗ್ರು ಬಿಟ್ಟೋಗಿದ್ದು ಸಾಮಿ. ಮಠದ ವಿಭೂತಿ ಅನ್ಕಂಡೆ. ಅದ್ನ ಕಸಕ್ಕೆ ಹಾಕಾಕಾಗುತ್ತಾ? ಲಾಕಪ್ಪಿನಾಗಿರೋ ನನ್ನ ಮಗನ್ನ ಬಿಟ್ಬಿಡ್ರಿ." ಮರುಳಸಿದ್ದಮ್ಮ ಕೈಮುಗಿದಳು.

"ಹೋಟೆಲ್ ಬಿಟ್ಟು ನಿಮ್ಮನೇಗೇ ಯಾಕೆ ಬಂದ್ರು?"

ಅಷ್ಟು ಸಂಕಟದಲ್ಲೂ ಅವಳ ಮುಖ ಅರಳಿತು. ಗೋಡೆ ತೋರಿಸಿದಳು. ಆ ಹುಡುಗರು ಮೊಬೈಲಿನಲ್ಲಿ ಬರೆದಿದ್ದ ಹೊಗಳಿಕೆಯನ್ನು ಸೊಸೆ ಕಾಗದದ ಮೇಲೆ ಅಚ್ಚು ಮಾಡಿಸಿ, ಕಟ್ಟು ಹಾಕಿಸಿ ತೂಗುಹಾಕಿದ್ದಳು. ಓದು ಬಾರದ ಮರುಳಸಿದ್ದಮ್ಮ ಬಂದವರಿಂದೆಲ್ಲ ಅದನ್ನು ಓದಿಸಿ ಕೇಳುತ್ತಿದ್ದಳು.

ಇನ್‌ಸ್ಪೆಕ್ಟರೂ ಗಟ್ಟಿಯಾಗಿ ಓದಿದರು: "ಹೋಟೆಲಿಗಿಂತ ಈ ಅಜ್ಜಿಯ ಮನೆ ವಾಸಿ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ."

"ನಿಮ್ಮ ಮಗನ ಕೇಸಿಗೆ ಇದೂ ಬೇಕು ಅಜ್ಜಿ," ಎನ್ನುತ್ತ ಕಟ್ಟನ್ನು ಮೊಳೆಯಿಂದ ಇಳಿಸಿದರು.