ಬಾಗಿಲ ಮುಂದಿನ ಒಂದು ನಿಮಿಷ

ದೇವದಾನ ಅವರು ಬೆಟಗೇರಿಯ ಒಂದು ಹಳೆಯ ಚರ್ಚಿನ ಗಾಯನ ತಂಡದ ಮುಖ್ಯಸ್ಥರು. ಆ ಭಾನುವಾರ ಅವರಿಗೆ ತಲೆ ಎತ್ತಲಾಗದಷ್ಟು ಅವಮಾನವಾಗಿತ್ತು…

ಹೊರಗಿನಿಂದ ಬಂದ ಅತಿಥಿಗಳ ಎದುರೇ, ಹಾರ್ಮೋನಿಯಂ ನುಡಿಸುತ್ತಿದ್ದ ರೋದಾಬಾಯಿ ಸ್ವರ ತಪ್ಪಿದರು. ಹಾಡು ಅರ್ಧಕ್ಕೇ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಎಪ್ಪತ್ತೆಂಟರ ಆ ಅಜ್ಜಿ ನಲವತ್ತು ವರ್ಷಗಳಿಂದ ಅಲ್ಲಿ ನುಡಿಸುತ್ತಿದ್ದವರು.

ಮನೆಗೆ ಬಂದವರೇ ದೇವದಾನ ಸಿಟ್ಟಿನಲ್ಲಿ ಪತ್ರ ಬರೆದರು… "ಮುಂದಿನ ವಾರದಿಂದ ನೀವು ಬರುವ ಅಗತ್ಯವಿಲ್ಲ."

ಊಟವನ್ನೂ ಮಾಡದೆ ಅಜ್ಜಿಯ ಮನೆಗೆ ನಡೆದರು. ಬಾಗಿಲು ತಟ್ಟಲು ಕೈ ಎತ್ತಿದಾಗ… ತೀರಿಹೋದ ಅವ್ವ ನೆನಪಾದಳು.

ಸೀರೆ ಕೊಳ್ಳಲು ಹೊರಟಾಗಲೂ, ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೊರಟಾಗಲೂ ಅವ್ವ ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದಳು.

"ತಡಿಯೋ, ಒಂದ್ ನಿಮಿಷ ಯೇಸಪ್ಪನ್ನ ಕೇಳೂಣು. ಆತ ನೋಡಾಕತ್ತಾನ."

ಎಷ್ಟೋ ಸಲ ಆ ಜಗಳ ಹೊಸ್ತಿಲು ದಾಟುತ್ತಲೇ ಇರಲಿಲ್ಲ…

ದೇವದಾನ ಕೈ ಇಳಿಸಿ ಕಣ್ಣು ಮುಚ್ಚಿದರು. "ಕರ್ತನೇ, ನಾ ಮಾಡಾಕತ್ತಿದ್ದು ಸರಿ ಐತೇನು?"

ಯಾವ ಧ್ವನಿಯೂ ಕೇಳಲಿಲ್ಲ. ಒಂದು ಹಳೆಯ ಕ್ರಿಸ್ಮಸ್ ಮಾತ್ರ ಕಣ್ಣ ಮುಂದೆ ಬಂತು…

ಒಂಬತ್ತು ವರ್ಷದ ದೇವದಾನ ಹಾಡಲು ನಿಂತು ಶ್ರುತಿ ತಪ್ಪಿದ್ದ. ಎಲ್ಲರೂ ನಕ್ಕಿದ್ದರು. ರೋದಾಬಾಯಿ ನಗಲಿಲ್ಲ. ಸದ್ದಿಲ್ಲದೆ ಶ್ರುತಿ ಇಳಿಸಿ, ಅವನ ದನಿಗೆ ತಕ್ಕಂತೆ ನುಡಿಸಿ, ಹಾಡನ್ನು ದಡ ಮುಟ್ಟಿಸಿದ್ದರು.

ಪತ್ರ ಜೇಬು ಸೇರಿತು. ಬಾಗಿಲು ತಟ್ಟಿದರು. ಅಜ್ಜಿ ತೆರೆದರು.

"ಬಾಯಾರ… ಕೈ ಹೆಂಗದಾವ್ರಿ?"

ಅಜ್ಜಿ ಊದಿಕೊಂಡ ಬೆರಳುಗಳನ್ನು ಮುಂದೆ ಹಿಡಿದರು. ಕಣ್ಣು ತುಂಬಿತ್ತು.

"ಎರಡ್ ವರ್ಷಾತೋ ಮಗಾ, ಮಾತ ಕೇಳವಲ್ವು. ಬಿಡಬೇಕಂತೀನಿ… ನಾ ಬಿಟ್ರ ಬಾರಿಸೋರು ಯಾರದಾರ? ಯಾರರ ಕಲೀತೀನಿ ಅಂತ ಬರ್ಲಿ ಅಂತ ದಿನಾ ಪ್ರಾರ್ಥನಾ ಮಾಡಾಕತ್ತೀನಿ."

ದೇವದಾನ ಅಜ್ಜಿಯ ಕಾಲ ಬಳಿ ಕುಳಿತರು. "ನನಗ ಕಲಿಸ್ರಿ ಬಾಯಾರ."

ಆ ವರ್ಷದ ಕ್ರಿಸ್ಮಸ್‌ಗೆ ದೇವದಾನ ನುಡಿಸಿದರು. ಒಂದೆರಡು ಕಡೆ ತಡವರಿಸಿದರು ಕೂಡ. ರೋದಾಬಾಯಿ ಮೊದಲ ಸಾಲಿನಲ್ಲಿ ಎಲ್ಲರ ಜೊತೆ ನಿಂತು ಬಾಯ್ತುಂಬ ಹಾಡಿದರು.

ಆಮೇಲೆ ಅಜ್ಜಿ ದೇವದಾನ ಅವರ ಕೈ ಹಿಡಿದು ಹೇಳಿದರು…

"ನಲವತ್ತು ವರ್ಷ ಬಾರಿಸ್ಕೋತ ಕುಂತಿದ್ನಿ. ಎದ್ದು ನಿಂತು ಹಾಡಿದ್ದು ಇವತ್ತ ಮೊದಲ ನೋಡಪಾ!"

ಇಬ್ಬರ ಕಣ್ಣಲ್ಲೂ ನೀರು…

ದೇವರಿಗೆ ಭಯಪಡುವವರು, ಇನ್ನೊಬ್ಬರ ಮನಸ್ಸು ಮುರಿಯುವ ಮುನ್ನ ಆತನ ಎದುರು ಒಂದು ನಿಮಿಷ ನಿಲ್ಲುತ್ತಾರೆ.

ನೀವು ಇವತ್ತು ಸಿಟ್ಟಿನಲ್ಲಿ ಟೈಪ್ ಮಾಡಿಟ್ಟಿರುವ ಮೆಸೇಜನ್ನು… ಒಮ್ಮೆ ಆತನ ಮುಂದೆ ಓದಿ ನೋಡಿದ್ದೀರಾ?